ಓರಂಗಿಯ ಓಣಿಗಳು: ಜನಸಹಕಾರದ ಒಂದು ವಿಚಾರ

ನಗರದ ಬಡವರು ತಮ್ಮ ಕೈಯಿಂದಲೇ ಕಟ್ಟಿಕೊಂಡ ವಸತಿಗಳನ್ನು ಸುಧಾರಿಸುವುದರಲ್ಲಿ ನಿವಾಸಿಗಳ ಪಾಲೆಷ್ಟು, ಸರಕಾರದ ಪಾಲೆಷ್ಟು ಎಂಬ ಪ್ರಶ್ನೆಯು ಬಹುಕಾಲದಿಂದ ಚರ್ಚೆಯಲ್ಲಿರುವುದು. ಇದಕ್ಕೆ ಕರಾಚಿ ನಗರದ ಓರಂಗಿ ಬಡಾವಣೆಯು ಒಳ್ಳೆಯ ನಿದರ್ಶನವಾಗಿದೆ.

ಓರಂಗಿಯಲ್ಲಿ ೧೯೬೫ರ ಸುಮಾರಿಗೆ ಜನವಸತಿಯು ಆರಂಭವಾಯಿತು. ೧೯೭೧ರ ಯುದ್ಧದ ತರುವಾಯ ಪೂರ್ವಬಂಗಾಳದಿಂದ ಬಂದ ನಿರಾಶ್ರಿತರು ಸೇರಿ ಅದು ಬಹಳವಾಗಿ ಬೆಳೆಯಿತು. ಮನೆಗಳನ್ನು ಜನರೇ ಕಟ್ಟಿಕೊಂಡರು. ಆದರೆ ಕೊಳೆನೀರು ಓಣಿಗಳಲ್ಲಿಯೇ ನಿಲ್ಲುತ್ತಿದ್ದಿತು. ೧೯೮೦ರಲ್ಲಿ ಅಖ್ತರ್ ಹಮೀದ್ ಖಾನರು (೧೯೧೪-೧೯೯೯) ಅಲ್ಲಿ ಕಾರ್ಯಾರಂಭ ಮಾಡಿದರು. ಇವರು ೧೯೪೫ರಲ್ಲಿ ಐ. ಸಿ. ಎಸ್. ಅಧಿಕಾರವನ್ನು ತ್ಯಜಿಸಿದವರು, ಉರ್ದುವಿನಲ್ಲಿ ಕವಿತೆಗಳನ್ನು ಬರೆದವರು, ಕೊಮಿಲ್ಲಾ ಪ್ರಾಂತದಲ್ಲಿ ಗ್ರಾಮಸಹಕಾರವನ್ನು ಬೆಳೆಸಿದವರು.

ಜನರೊಡನೆ ಬೆರೆತು ವಿಚಾರಿಸಲಾಗಿ ಖಾನರಿಗೆ ನಾಲ್ಕು ಅಡ್ಡಿಗಳು ಕಂಡುಬಂದವು. ಮೊದಲನೆಯದು ಮನಸ್ಸಿನದು: ಚರಂಡಿಯನ್ನು ಸರಕಾರವೇ ಪುಕ್ಕಟೆಯಾಗಿ ಕಟ್ಟಿಕೊಡುವುದೆಂಬ ನಂಬಿಕೆ. ಎರಡನೆಯದು ಹಣದ್ದು, ಮೂರನೆಯದು ಕಸಬಿನ ತಿಳಿವಳಿಕೆಯದು, ನಾಲ್ಕನೆಯದು ಒಗ್ಗಟ್ಟಿನದು. ಇವುಗಳ ಪರಿಹಾರಕ್ಕಾಗಿ ಇಪ್ಪತ್ತು ಮೂವತ್ತು ಮನೆಗಳುಳ್ಳ ಒಂದೊಂದು ಓಣಿಯನ್ನೇ ಘಟಕವಾಗಿ ಹಿಡಿದರು. ಓಣಿಯವರು ಮುಖಂಡನನ್ನು ಆರಿಸಿ, ಹಣವನ್ನು ತಾವೇ ಕೂಡಿಸಿ, ಕೆಲಸವನ್ನು ತಾವೇ ಮಾಡಿಸಿದರು. ಸಂಸ್ಥೆಯು ಅಳತೆ, ನಕ್ಷೆ, ಸಲಕರಣೆ, ಸಲಹೆಗಳನ್ನಿತ್ತಿತೇ ಹೊರತು ಅವರ ಹಣವನ್ನು ಮುಟ್ಟಲಿಲ್ಲ. ಗುತ್ತಿಗೆದಾರನ ಲಾಭವು ತಪ್ಪಿ, ರಚನೆಯೂ ಸರಳವಾದುದರಿಂದ ವೆಚ್ಚವು ಸರಕಾರದ ದರಕ್ಕಿಂತ ಬಹಳ ಕಡಿಮೆಯಾಯಿತು.

ಇಷ್ಟರಿಂದ ಎಲ್ಲ ಭಾರವನ್ನೂ ಜನರ ಮೇಲೆ ಹೊರಿಸಿದರೆಂದು ತಿಳಿಯಕೂಡದು. ಮನೆಯ ಕಕ್ಕಸು, ಓಣಿಯ ಕೊಳವೆ, ಅವು ಕೂಡುವ ಉಪಗಾಲುವೆ, ಈ ಮೂರು ಜನರ ಪಾಲು. ಹೆಗ್ಗಾಲುವೆಯೂ ನೀರಿನ ಶುದ್ಧೀಕರಣವೂ ಸರಕಾರದ ಪಾಲು. ಸರಕಾರದ ಪಾಲು ಹಿಂದೆ ಬಿದ್ದ ಕಡೆಗಳಲ್ಲಿ, ಓಣಿಯು ಶುಚಿಯಾದರೂ ಕೊಳೆಯು ಹಳ್ಳಗಳನ್ನೇ ಸೇರಿತು. ಜನರ ಶ್ರಮವು ಸರಕಾರದ ಹೊಣೆಗೆ ಬದಲಿಯಾಗಲಾರದೆಂಬುದಕ್ಕೆ ಇದೇ ಸಾಕ್ಷಿ.

ಓಣಿಗಳ ನಕ್ಷೆಯಿಂದ ಇನ್ನೊಂದು ಪ್ರಯೋಜನವೂ ಉಂಟಾಯಿತು. ಕಾಗದದ ಮೇಲೆ ಕಾಣದ ವಸತಿಯನ್ನು ಕಿತ್ತೊಗೆಯುವುದು ಸುಲಭ. ಕಂಡ ವಸತಿಯನ್ನು ಇಲ್ಲವೆನ್ನುವುದು ಕಷ್ಟ. ಮುಂದೆ ಈ ಕಾರ್ಯವನ್ನು ನಡೆಯಿಸಿದ ವಾಸ್ತುಶಿಲ್ಪಿ ಪರವೀನ್ ರಹಮಾನರು ನಗರದಂಚಿನ ಹಳ್ಳಿಗಳ ನೆಲವನ್ನೂ ದಾಖಲೆಗೆ ತಂದರು. ೨೦೧೩ರ ಮಾರ್ಚಿಯಲ್ಲಿ ಅವರ ಕೊಲೆಯಾಯಿತು. ಬಡವರ ನೆಲದ ಲೆಕ್ಕವನ್ನು ಬರೆದಿಡುವುದು ಎಷ್ಟು ಅಪಾಯದ ಕೆಲಸವೆಂಬುದನ್ನು ಇದರಿಂದ ಊಹಿಸಬಹುದು.

ಸಹಕಾರವೆಂದರೆ ಬರಿಯ ಕೂಲಿಯಲ್ಲ, ಬರಿಯ ಒಪ್ಪಿಗೆಯೂ ಅಲ್ಲ. ಲೆಕ್ಕವೂ ತೀರ್ಮಾನವೂ ಜನರ ಕೈಯಲ್ಲಿರತಕ್ಕದ್ದು. ಓರಂಗಿಯಿಂದ ಕಲಿಯತಕ್ಕ ಮುಖ್ಯ ಪಾಠವು ಇದೇ ಎಂದು ನಮಗೆ ತೋರುತ್ತದೆ.