ನಂಚಿಕೊಳ್ಳುವುದಕ್ಕಷ್ಟೇ ಉಪ್ಪಿನಕಾಯಿ

ಕೆಲವು ಆಹಾರಪದಾರ್ಥಗಳ ಗುಣವೂ ಮಿತಿಯೂ ಅವುಗಳ ಹೆಸರಿನಲ್ಲಿಯೇ ಅಡಗಿರುತ್ತವೆ. ‘ಉಪ್ಪಿನಕಾಯಿ’ ಅಂಥದೊಂದು ಪದ. ತೆಲುಗಿನ ‘ಊರಗಾಯ’, ತಮಿಳಿನ ‘ಊರುಕಾಯ್’ ಎಂಬ ಹೆಸರುಗಳು ಕಾಯಿ ನೆನೆದು ಊರುವುದನ್ನು ಸೂಚಿಸಿದರೆ, ಕನ್ನಡವು ಉಪ್ಪನ್ನೇ ಮುಂದಿಟ್ಟಿದೆ. ಇಂದು ಶುಂಠಿ, ಬೆಳ್ಳುಳ್ಳಿ, ಗಜ್ಜರಿಗಳಿಂದ ಮಾಡಿದ್ದಕ್ಕೂ ಅದೇ ಹೆಸರು. ಕಾಯಿ ಬದಲಾದರೂ ಉಪ್ಪು ಬದಲಾಗಿಲ್ಲ.

ಉಪ್ಪು ಕಾಯಿಯೊಳಗಿನ ನೀರನ್ನು ಹೊರಸೆಳೆದು, ಕೊಳೆಯಿಸುವ ಸೂಕ್ಷ್ಮಾಣುಗಳನ್ನು ತಡೆಯುತ್ತದೆ. ಹುಳಿ ಅದಕ್ಕೆ ನೆರವಾಗುತ್ತದೆ. ಮೇಲೆ ನಿಂತ ಎಣ್ಣೆ ಗಾಳಿಯನ್ನು ದೂರವಿಡುತ್ತದೆ. ಈ ವಿದ್ಯೆ ನಮ್ಮಲ್ಲಿ ಹಳೆಯದು. ಗುರುಲಿಂಗ ದೇಶಿಕನ 1594ರ ‘ಲಿಂಗಪುರಾಣ’ದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿಗಳ ಪ್ರಸ್ತಾಪವಿರುವುದನ್ನು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ ದಾಖಲಿಸಿದ್ದಾರೆ.

ಆಯುರ್ವೇದದ ಪ್ರಕಾರ ಲವಣ ಮತ್ತು ಆಮ್ಲ ರಸಗಳು ರುಚಿಯನ್ನು ಹುಟ್ಟಿಸಿ ಜಠರಾಗ್ನಿಯನ್ನು ಉದ್ದೀಪಿಸುತ್ತವೆ. ಬಾಯಿ ಕೆಟ್ಟಾಗ ಗಂಜಿಯೊಡನೆ ಉಪ್ಪಿನಕಾಯಿ ಹಿತವೆನಿಸುವುದು ಇದರಿಂದಲೇ. ಆದರೆ ಹಿಪ್ಪಲಿ, ಕ್ಷಾರ, ಲವಣ ಈ ಮೂರನ್ನು ಅತಿಯಾಗಿ ಸೇವಿಸಬಾರದೆಂದು ಚರಕಸಂಹಿತೆಯ ವಿಮಾನಸ್ಥಾನ ಎಚ್ಚರಿಸುತ್ತದೆ. ಅತಿಲವಣದಿಂದ ದೇಹಶೈಥಿಲ್ಯ, ಅಕಾಲದ ನರೆ, ಸುಕ್ಕುಗಳು ಉಂಟಾಗುತ್ತವೆಂದೂ ಅಲ್ಲಿ ಹೇಳಿದೆ.

ಹಾಗಾದರೆ ಪ್ರಮಾಣವೆಷ್ಟು? ಅದನ್ನೂ ನಮ್ಮ ಮಾತೇ ತಿಳಿಸುತ್ತದೆ. ರೊಟ್ಟಿಯನ್ನು ತಿನ್ನುತ್ತೇವೆ, ಅನ್ನವನ್ನು ಉಣ್ಣುತ್ತೇವೆ, ಉಪ್ಪಿನಕಾಯಿಯನ್ನಾದರೋ ‘ನಂಚಿಕೊಳ್ಳುತ್ತೇವೆ’. ತುತ್ತುಗಳ ನಡುವೆ ನಾಲಿಗೆಗೆ ತಾಗಿಸುವಷ್ಟೇ ಅದರ ಪಾಲು. ಎಲೆಯಲ್ಲಿ ಅದಕ್ಕೆ ತುದಿಯ ಸ್ಥಾನ ದೊರೆತದ್ದೂ ಅರ್ಥಪೂರ್ಣವೇ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ನೂರಕ್ಕೆ ಹತ್ತು ಪಾಲು ಉಪ್ಪಿರುವ ಉಪ್ಪಿನಕಾಯಿಯನ್ನು 15 ಗ್ರಾಂನಷ್ಟು, ಅಂದರೆ ಒಂದು ದೊಡ್ಡ ಚಮಚ ತಿಂದರೆ, ಒಂದೂವರೆ ಗ್ರಾಂ ಉಪ್ಪು ಒಳಸೇರುತ್ತದೆ. ಎರಡು ಹೊತ್ತಿಗೆ ಅದು 3 ಗ್ರಾಂ. ಸಾರಿನಲ್ಲಿ ಉಪ್ಪನ್ನು ಕಡಿಮೆ ಮಾಡಿದ ರಕ್ತದೊತ್ತಡದ ಹಿರಿಯರು ಈ ಲೆಕ್ಕವನ್ನು ಮರೆಯುವುದನ್ನು ಚಿಕಿತ್ಸಾಲಯದಲ್ಲಿ ನಿತ್ಯ ಕಾಣುತ್ತೇನೆ. ಸೈಂಧವ ಲವಣ ಹಾಕಿದರೆ ದೋಷವಿಲ್ಲವೆಂಬ ನಂಬಿಕೆಯೂ ಸರಿಯಲ್ಲ. ಅದರಲ್ಲಿಯೂ ಬಹುಪಾಲು ಇರುವುದು ಸೋಡಿಯಂ ಕ್ಲೋರೈಡೇ.

ಆರೋಗ್ಯವಂತರು ಒಂದು ಸಣ್ಣ ಹೋಳಿಗೆ ತೃಪ್ತರಾಗಲಿ. ರಕ್ತದೊತ್ತಡ, ಮೂತ್ರಪಿಂಡದ ವ್ಯಾಧಿ, ಕಾಲುಬಾವು ಇರುವವರು ದೂರವಿಡುವುದೇ ಲೇಸು. ರುಚಿಗೆ ಲಿಂಬೆರಸ, ಹಸಿಶುಂಠಿ, ಜೀರಿಗೆಪುಡಿ ಸಾಕು. ಇಷ್ಟು ಮಾಡಿದೆವೆಂದು ವೈದ್ಯರು ಕೊಟ್ಟ ಔಷಧವನ್ನು ಮಾತ್ರ ಯಾರೂ ತಾವಾಗಿಯೇ ನಿಲ್ಲಿಸಬಾರದು.