ಕ್ಲಚ್ ಒತ್ತುತ್ತಿರುವವರು ಯಾರು?

ಮೇಸ್ತ್ರಿ ಸ್ಪ್ಯಾನರ್ ಮುಟ್ಟಲೇ ಇಲ್ಲ. ಎಂಜಿನ್ ಇನ್ನೂ ಬಿಸಿಯಿದೆಯೇ ಎಂದು ಅಂಗೈ ಹತ್ತಿರ ಹಿಡಿದು ನೋಡಿದರು. ಆಮೇಲೆ ತೋರುಬೆರಳನ್ನು ಕ್ಲಚ್ ಲಿವರ್ ಮೇಲಿಟ್ಟು, ಹ್ಯಾಂಡಲ್ಲನ್ನು ಮೆಲ್ಲಗೆ ಬಲಕ್ಕೆ ಪೂರ್ತಿ ತಿರುಗಿಸಿದರು. "ಈಗ ನೀವು ಬೆರಳಿಡಿ ಸಾರ್" ಎಂದರು. ಹ್ಯಾಂಡಲ್ ನೇರ ಇದ್ದಾಗ ಅಷ್ಟಿಷ್ಟು ಅಲ್ಲಾಡುತ್ತಿದ್ದ ಲಿವರ್ ಈಗ ಬಿಗಿದ ತಂತಿಯ ಹಾಗೆ ನಿಂತಿತ್ತು. ಎರಡು ವರ್ಷದಲ್ಲಿ ಎರಡು ಸೆಟ್ ಕ್ಲಚ್ ಪ್ಲೇಟ್ ತಿಂದು, ಮೂರನೆಯದಕ್ಕೆ ಬಾಯಿ ತೆರೆದು ನಿಂತಿದ್ದ ನನ್ನ ಗಾಡಿಯ ರೋಗ ಒಂದು ನಿಮಿಷದಲ್ಲಿ ಗೊತ್ತಾಗಿಹೋಯಿತು. ಆ ಕ್ಷಣದ ಬೆರಗು ನನಗೆ ಇನ್ನೂ ಇಳಿದಿಲ್ಲ.

ನನ್ನದು ಒಂಟಿ ಸಿಲಿಂಡರಿನ ಅಡ್ವೆಂಚರ್ ಬೈಕು. ತಿಂಗಳಿಗೊಮ್ಮೆಯಾದರೂ ತೀರ್ಥಹಳ್ಳಿಯಿಂದ ಉಡುಪಿಗೆ ಆಗುಂಬೆ ಘಾಟಿ ಇಳಿದು ಹತ್ತುತ್ತೇನೆ. ಹಿಂದೆ ಎರಡು ಪೆಟ್ಟಿಗೆ, ಒಮ್ಮೊಮ್ಮೆ ಹೆಂಡತಿ. ಮೊದಲ ಸೆಟ್ ಪ್ಲೇಟ್ ಒಂಬತ್ತು ಸಾವಿರ ಕಿಲೋಮೀಟರಿಗೆ ಹೋಯಿತು, ಎರಡನೆಯದು ಆರು ಸಾವಿರಕ್ಕೆ. ಲಕ್ಷಣ ಎರಡು ಸಲವೂ ಒಂದೇ. ಸೋಮೇಶ್ವರದಿಂದ ಮೇಲೆ ಹತ್ತುವಾಗ ಆಕ್ಸಿಲರೇಟರ್ ತಿರುವಿದರೆ ಎಂಜಿನ್ ಕೂಗುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ಜತೆಗೆ ಸುಟ್ಟ ವಾಸನೆ. ಎರಡು ಸಲವೂ ಸರ್ವಿಸ್ ಸೆಂಟರಿನಲ್ಲಿ ಪ್ಲೇಟ್ ಬದಲಾಯಿಸಿ, "ಹಾಫ್ ಕ್ಲಚ್‌ನಲ್ಲಿ ಓಡಿಸ್ತೀರಾ, ಅದಕ್ಕೇ ಹೀಗಾಗ್ತಿದೆ" ಎಂದು ಹೇಳಿ ಕಳಿಸಿದರು. ನಾನೂ ನಂಬಿದೆ. ಆಮೇಲಿನ ಆರು ತಿಂಗಳು ಎಡಗೈಯನ್ನು ಲಿವರಿನಿಂದ ದೂರವೇ ಇಟ್ಟು ಓಡಿಸಿದೆ. ಆದರೂ ಕ್ಲಚ್ ಜಾರತೊಡಗಿತು.

ತಂಗಿಯ ಮನೆಗೆಂದು ಮೈಸೂರಿಗೆ ಹೋಗಿದ್ದಾಗ ಭಾವ ಈ ಮೇಸ್ತ್ರಿಯ ಹತ್ತಿರ ಕರೆದುಕೊಂಡು ಹೋದರು. ಯಾದವಗಿರಿಗೆ ಸಮೀಪದ ಅಡ್ಡರಸ್ತೆಯಲ್ಲಿ ತಗಡಿನ ಮಾಡಿನ ಗ್ಯಾರೇಜು. ಒಳಗೆ ಮೂರು ಜಾವಾ, ಒಂದು ಯೆಜ್ಡಿ, ಹೊರಗೆ ಬಿಸಿಲಿನಲ್ಲಿ ನನ್ನಂಥವರ ಎತ್ತರದ ಹೊಸ ಗಾಡಿಗಳು. ಎಪ್ಪತ್ತರ ಆಸುಪಾಸಿನ ಮೇಸ್ತ್ರಿ ಕೈಕಲಿತದ್ದು ಜಾವಾದಲ್ಲಿ. ನನ್ನ ಗಾಡಿಯ ರೋಗ ಹಿಡಿದದ್ದೂ ಆ ಜಾವಾ ಬುದ್ಧಿಯೇ ಎಂದು ನನ್ನ ನಂಬಿಕೆ. ಆದ್ದರಿಂದ ಸ್ವಲ್ಪ ಜಾವಾ ಕಡೆ ಹೋಗಿಬರಬೇಕು.

ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನಲ್ಲಿ 1961ರಲ್ಲಿ ಗಾಡಿ ತಯಾರಿಸತೊಡಗಿ 1996ರಲ್ಲಿ ಬಾಗಿಲು ಹಾಕಿತು ಎಂಬುದು ಓದುಗರಿಗೆ ಗೊತ್ತಿರುವ ಕಥೆ. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ ಆಗಿದ್ದದ್ದೂ ಗೊತ್ತು. ಆದರೆ ಆ ಗಾಡಿಯಲ್ಲಿ ಗೇರ್ ಲಿವರನ್ನು ಕಾಲಿನಿಂದ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡಿಸಿಕೊಳ್ಳುತ್ತಿತ್ತು, ಕೈಯ ಲಿವರ್ ಹಿಡಿಯದೆಯೇ ಗೇರ್ ಬದಲಾಯಿಸಬಹುದಿತ್ತು ಎಂಬುದನ್ನು ಈಗಿನ ಹುಡುಗರು ನಂಬುವುದೇ ಇಲ್ಲ. ಇನ್ನೊಂದು ಸಂಗತಿ, ಅದರ ಕ್ಲಚ್ ಪ್ಲೇಟಿನಲ್ಲಿ ಹಿಡಿತ ಕೊಡುತ್ತಿದ್ದದ್ದು ಕಾರ್ಕ್. ಬಾಟಲಿಯ ಬಿರಡೆಗೆ ಹಾಕುವ ಅದೇ ಕಾರ್ಕ್! ಪೋರ್ಚುಗಲ್, ಸ್ಪೇನ್ ಕಡೆಯ ಓಕ್ ಮರದ ತೊಗಟೆ ಅದು. ಮರ ಕಡಿಯುವುದಿಲ್ಲ, ಸುಮಾರು ಒಂಬತ್ತು ವರ್ಷಕ್ಕೊಮ್ಮೆ ತೊಗಟೆ ಮಾತ್ರ ಸುಲಿಯುತ್ತಾರೆ, ಅದು ಮತ್ತೆ ಬೆಳೆಯುತ್ತದೆ. ಆಯಿಲ್‌ನಲ್ಲಿ ಮುಳುಗಿದ್ದರೂ ಕಾರ್ಕ್ ಹಿಡಿತ ಬಿಡುವುದಿಲ್ಲ. ಮೇಸ್ತ್ರಿಯ ಹತ್ತಿರ ಒಂದು ಹಳೆಯ ಬಿಸ್ಕತ್ ಡಬ್ಬ ಇದೆ. ಅದರ ತುಂಬ ಸವೆದ ಕಾರ್ಕ್ ತುಂಡುಗಳು, ನಾಣ್ಯದ ಹಾಗೆ ಕಪ್ಪಾಗಿ ನುಣುಪಾಗಿವೆ. ಮೊದಲೆಲ್ಲ ಹೊಸ ಕಾರ್ಕನ್ನು ಬಿಸಿನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಪ್ಲೇಟಿನ ತೂತುಗಳಿಗೆ ಒತ್ತಿ, ಮಟ್ಟವಾಗುವ ತನಕ ಉಜ್ಜುತ್ತಿದ್ದರಂತೆ. ಒಂದು ತುಂಡನ್ನು ಮೂಸಿ ನೋಡಿದೆ. ಇಷ್ಟು ವರ್ಷದ ಮೇಲೂ ಅದಕ್ಕೆ ಸುಟ್ಟ ವಾಸನೆ ಇತ್ತು.

"ಜಾವಾದಲ್ಲಿ ಕಾರ್ಕ್ ಸುಟ್ಟು ಬಂದರೆ ನಾವು ಮೊದಲು ನೋಡ್ತಿದ್ದದ್ದು ಸವಾರನ ಎಡಗಾಲಿನ ಬೂಟು" ಎಂದರು ಮೇಸ್ತ್ರಿ. ಗೇರ್ ಲಿವರ್ ಮೇಲೆ ಕಾಲಿಟ್ಟುಕೊಂಡು ಓಡಿಸುವ ಅಭ್ಯಾಸವಿದ್ದರೆ ಆ ಭಾರಕ್ಕೇ ಕ್ಲಚ್ ಅರೆಬರೆ ಬಿಡಿಸಿಕೊಂಡಿರುತ್ತಿತ್ತು. ಸವಾರನಿಗೆ ಅದರ ಅರಿವೇ ಇರುತ್ತಿರಲಿಲ್ಲ. "ಪ್ಲೇಟ್ ಸುಟ್ಟಿದೆ ಅಂದರೆ ಯಾರೋ ಕ್ಲಚ್ ಒತ್ತುತ್ತಾ ಇದ್ದಾರೆ ಅಂತ ಅರ್ಥ. ಅದು ಯಾರು ಅಂತ ಹುಡುಕಬೇಕು ಸಾರ್, ಪ್ಲೇಟ್ ಆಮೇಲೆ."

ನನ್ನ ಗಾಡಿಯಲ್ಲಿ ಒತ್ತುತ್ತಿದ್ದದ್ದು ರೈಸರ್. ನಿಂತು ಓಡಿಸಲು ಅನುಕೂಲವಾಗಲಿ ಎಂದು ಗಾಡಿ ಕೊಂಡ ಮೂರನೇ ತಿಂಗಳಿಗೇ ಅದನ್ನು ಹಾಕಿಸಿ ಹ್ಯಾಂಡಲ್ಲನ್ನು ಒಂದೂಕಾಲು ಇಂಚು ಎತ್ತರಿಸಿದ್ದೆ. ಕ್ಲಚ್ ಕೇಬಲ್ ಮಾತ್ರ ಹಳೆಯ ಅಳತೆಯದೇ. ಅದು ಸಾಲದೆಂಬಂತೆ ಫಾಗ್ ಲ್ಯಾಂಪ್ ಹಾಕಿದವರು ಅದರ ವೈರನ್ನು ಈ ಕೇಬಲ್ ಜತೆ ಸೇರಿಸಿ ಪ್ಲಾಸ್ಟಿಕ್ ಟ್ಯಾಗ್‌ನಿಂದ ಫ್ರೇಮಿಗೆ ಬಿಗಿದಿದ್ದರು. ಹ್ಯಾಂಡಲ್ ಬಲಕ್ಕೆ ತಿರುಗಿದರೆ ಕೇಬಲ್ಲಿನ ಹೊರಕವಚ ಆ ಕಟ್ಟಿನ ಹತ್ತಿರ ಚೂಪಾಗಿ ಬಾಗುತ್ತಿತ್ತು, ಒಳಗಿನ ತಂತಿ ಬಿಗಿಯುತ್ತಿತ್ತು. ಲಿವರ್ ಹಿಡಿಯದಿದ್ದರೂ ಹಿಡಿದಂತೆಯೇ ಆಗುತ್ತಿತ್ತು. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಸಾಮಾನು ಹೇರಿಕೊಂಡು, ಫಸ್ಟ್ ಗೇರಿನಲ್ಲಿ, ಏರು ಹತ್ತುತ್ತಾ ಬಲತಿರುವು ತೆಗೆದುಕೊಂಡಾಗಲೆಲ್ಲ ನನ್ನ ಪ್ಲೇಟುಗಳು ಅರ್ಧ ಬಿಟ್ಟು ಅರ್ಧ ಹಿಡಿದು ಉಜ್ಜಿಕೊಳ್ಳುತ್ತಿದ್ದವು.

ಇದು ಒಮ್ಮೆ ಶುರುವಾದರೆ ತನ್ನಷ್ಟಕ್ಕೆ ತಾನೇ ಬೆಳೆಯುತ್ತದೆ. ಪ್ಲೇಟ್ ಸವೆದಂತೆ ಪ್ರೆಷರ್ ಪ್ಲೇಟ್ ಒಳಕ್ಕೆ ಸರಿಯುತ್ತದೆ. ಸಾಮಾನ್ಯ ಕೇಬಲ್ ಕ್ಲಚ್‌ಗಳಲ್ಲಿ ಹಾಗೆ ಸರಿದಷ್ಟೂ ಲಿವರಿನ ಫ್ರೀ ಪ್ಲೇ, ಅಂದರೆ ಅದರ ಸಡಿಲ ಅಲ್ಲಾಟ, ಕಡಿಮೆಯಾಗುತ್ತದೆ. ಫ್ರೀ ಪ್ಲೇ ಪೂರ್ತಿ ಹೋದರೆ ಸ್ಪ್ರಿಂಗಿನ ಒತ್ತಡದಲ್ಲಿ ಒಂದಿಷ್ಟನ್ನು ಕೇಬಲ್ಲೇ ತಡೆದುಕೊಳ್ಳುತ್ತದೆ, ಪ್ಲೇಟ್ ಜಾರುತ್ತದೆ. ಜಾರಿದ್ದಕ್ಕೆ ಇನ್ನಷ್ಟು ಸವೆಯುತ್ತದೆ. ಬರೀ ಪ್ಲೇಟ್ ಬದಲಾಯಿಸಿದರೆ ಈ ಚಕ್ರ ಮೊದಲಿನಿಂದ ಶುರುವಾಗುತ್ತದೆ, ನಿಲ್ಲುವುದಿಲ್ಲ.

ಕವರ್ ಬಿಚ್ಚಿದ್ದು ಮರುದಿನ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಫ್ರಿಕ್ಷನ್ ಪ್ಲೇಟುಗಳ ಮೈ ಹೊಳೆಯುತ್ತಿತ್ತು, ಉಕ್ಕಿನ ಪ್ಲೇಟುಗಳಲ್ಲಿ ನವಿಲುಗರಿಯ ನೀಲಿ ಮೂಡಿತ್ತು. ಆ ನೀಲಿ ಕಣ್ಣಿಗೆ ಚೆಂದ, ಗಾಡಿಗೆ ಅಲ್ಲ. ಅದು ಉಕ್ಕು ವಿಪರೀತ ಕಾದಿದ್ದರ ಗುರುತು. ಮೇಸ್ತ್ರಿ ಒಂದೊಂದು ಉಕ್ಕಿನ ಪ್ಲೇಟನ್ನೂ ದಪ್ಪ ಗಾಜಿನ ಮೇಲೆ ಮಲಗಿಸಿ, ಅಂಚಿನ ಕೆಳಗೆ ಫೀಲರ್ ಗೇಜಿನ ತೆಳು ಎಲೆ ತೂರಿಸಿ ನೋಡಿದರು. ಎರಡು ಸೊಟ್ಟಗಾಗಿದ್ದವು. ಸ್ಪ್ರಿಂಗುಗಳ ಉದ್ದವನ್ನು ವರ್ನಿಯರ್‌ನಲ್ಲಿ ಅಳೆದರು. ಕಾದ ಸ್ಪ್ರಿಂಗ್ ಕುಗ್ಗಿರುತ್ತದೆ, ಹೊಸ ಪ್ಲೇಟಿಗೆ ಹಳೆ ಸ್ಪ್ರಿಂಗ್ ಹಾಕಿದರೆ ಕೆಲಸ ಅರ್ಧ ಮಾಡಿದಂತೆ. ಕೊನೆಗೆ ಹೌಸಿಂಗಿನ ಬೆರಳುಗಳ ಮೇಲೆ ಕಣ್ಣು ಮುಚ್ಚಿಕೊಂಡು ಉಗುರು ಎಳೆದರು. ಎಲ್ಲಿಯೂ ಕಚ್ಚಲಿಲ್ಲ. ಅಲ್ಲಿ ಗೀರು ಬಿದ್ದಿದ್ದರೆ ಪ್ಲೇಟ್ ಸಲೀಸಾಗಿ ಸರಿಯದೆ ಕ್ಲಚ್ ಸರಿಯಾಗಿ ಬಿಡುವುದಿಲ್ಲ, ಗೇರ್ ಕಟಕಟ ಎನ್ನುತ್ತದೆ.

ಇನ್ನೊಬ್ಬ ಅನುಮಾನಿತ ಆಯಿಲ್. ನಮ್ಮ ಗಾಡಿಗಳಲ್ಲಿ ಎಂಜಿನ್ನಿಗೂ ಕ್ಲಚ್ಚಿಗೂ ಅದೇ ಆಯಿಲ್. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದಿದೆಯೇ ನೋಡಿ. ಎಂಬಿ ಎಂದಿರುವುದು ಸ್ಕೂಟರಿನದು. ಮೈಲೇಜಿಗಾಗಿ ಜಾರಿಕೆಯ ರಾಸಾಯನಿಕ ಬೆರೆಸಿದ ಕಾರಿನ ಆಯಿಲ್ ಹಾಕಿದರೆ ಪ್ಲೇಟ್ ಹಿಡಿಯುವುದಿಲ್ಲ. ನನ್ನದು ಸರಿಯಾದದ್ದೇ ಆಗಿತ್ತು. ಗಟ್ಟಿ ಸ್ಪ್ರಿಂಗ್, ರೇಸಿಂಗ್ ಪ್ಲೇಟ್, ಡಬ್ಬಿಯಲ್ಲಿ ಬರುವ ಮಂತ್ರದ ದ್ರಾವಣಗಳ ಮೇಲೆ ನನಗೆ ಮೊದಲಿನಿಂದಲೂ ಭರವಸೆ ಇಲ್ಲ. ಕಾರಣ ಹುಡುಕದೆ ಬಲ ಹೆಚ್ಚಿಸಿದರೆ ರೋಗ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ.

ಅಡ್ವೆಂಚರ್ ಗಾಡಿಗಳ ಇತಿಹಾಸ ಉದ್ದಕ್ಕೆ ಹೇಳುವುದು ಬೇಡ. ಬಿಎಂಡಬ್ಲ್ಯುದವರ ಆರ್ 80 ಜಿ/ಎಸ್ 1980ರಲ್ಲಿ ಬಂತು, ಮರುವರ್ಷವೇ ಯುಬೇರ್ ಓರಿಯೋಲ್ ಅದರಲ್ಲಿ ಪ್ಯಾರಿಸ್-ಡಕಾರ್ ಗೆದ್ದರು. ಅದರ ಕ್ಲಚ್ ಕಾರಿನದರಂತೆ ಒಣ ಕ್ಲಚ್. ಆ ಸಾಲಿನ ದೊಡ್ಡ ಗಾಡಿಗೆ ಆಯಿಲ್‌ನಲ್ಲಿ ಮುಳುಗಿದ ಕ್ಲಚ್ ಬಂದದ್ದು 2013ರ ಮಾದರಿಯಲ್ಲಿ. ನಮ್ಮಲ್ಲಿ 2016ರಲ್ಲಿ 411 ಸಿಸಿಯ ಹಿಮಾಲಯನ್ ಬಂದ ಮೇಲೆ ಊರೂರಿನ ಹುಡುಗರು ಲಡಾಖಿಗೆ ಹೊರಟರು. 5,359 ಮೀಟರ್ ಎತ್ತರದ ಖರ್ದುಂಗ್ ಲಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಹೆಚ್ಚುಕಡಿಮೆ ಅರ್ಧ. ಎಂಜಿನ್ನಿಗೆ ಉಸಿರೇ ಇಲ್ಲದ ಜಾಗದಲ್ಲಿ ಹಾಫ್ ಕ್ಲಚ್ ಹಿಡಿಯದೆ ಹತ್ತುವುದು ಕಷ್ಟ. ಅಂಥ ಕಡೆ ಪ್ಲೇಟ್ ಸವೆದರೆ ಸವಾರನನ್ನು ದೂರುವುದು ಅನ್ಯಾಯ. ಸವಾರನ ಕೈ ದೂರುವ ಮೊದಲು ಮೆಕ್ಯಾನಿಕ್ ಕೇಬಲ್ ನೋಡಲೇಬೇಕು.

ಮೇಸ್ತ್ರಿ ನನ್ನ ಗಾಡಿಯ ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ರಾತ್ರಿಯಿಡೀ ಆಯಿಲ್‌ನಲ್ಲಿ ನೆನೆಹಾಕಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು ಕೂರಿಸಿದರು. ಉದ್ದದ ಕೇಬಲ್ ಹಾಕಿ, ಟ್ಯಾಗ್ ಕತ್ತರಿಸಿ ಬೇರೆ ದಾರಿಯಲ್ಲಿ ತಂದರು. ಮೊದಲು ಎಂಜಿನ್ ಬದಿಯ ಅಡ್ಜಸ್ಟರ್, ಆಮೇಲೆ ಲಿವರ್ ಬದಿಯದು. ರಿಂಗ್ ರೋಡಿನಲ್ಲಿ ನಾಲ್ಕನೇ ಗೇರಿನಲ್ಲಿ ನಲವತ್ತರ ವೇಗದಿಂದ ಒಮ್ಮೆಲೇ ಆಕ್ಸಿಲರೇಟರ್ ತಿರುವಿದೆ. ಎಂಜಿನ್ ಸದ್ದೂ ಸ್ಪೀಡೂ ಒಟ್ಟೊಟ್ಟಿಗೆ ಏರಿದವು. ಅದಾಗಿ ಹನ್ನೊಂದು ಸಾವಿರ ಕಿಲೋಮೀಟರ್ ಓಡಿದ್ದೇನೆ, ಅದರಲ್ಲಿ ಆಗುಂಬೆ ಹತ್ತಿದ್ದು ಇಪ್ಪತ್ತೆರಡು ಸಲ. ಪ್ಲೇಟ್ ಅವೇ.

ನಿಮ್ಮ ಗಾಡಿಗೂ ರೈಸರ್ ಹಾಕಿಸಿದ್ದರೆ, ಫಾಗ್ ಲ್ಯಾಂಪಿನ ವೈರ್ ಎಳೆಸಿದ್ದರೆ, ಒಂದು ಸುತ್ತು ಓಡಿಸಿ ಎಂಜಿನ್ ಬಿಸಿ ಮಾಡಿಕೊಂಡು ಬನ್ನಿ. ಸ್ಟ್ಯಾಂಡ್ ಹಾಕಿ, ಕ್ಲಚ್ ಲಿವರಿನ ತುದಿಗೆ ಒಂದು ಬೆರಳಿಟ್ಟು, ಹ್ಯಾಂಡಲ್ಲನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ ನೋಡಿ. ಎರಡೂ ಕಡೆ ಲಿವರ್ ಸಡಿಲವಾಗಿ ಅಲ್ಲಾಡಬೇಕು. ಒಂದು ಕಡೆ ಬಿಗಿದರೂ ಹೊಸ ಪ್ಲೇಟ್ ಕೊಳ್ಳಬೇಡಿ, ಮೊದಲು ಕೇಬಲ್ ಬಿಡಿಸಿ.