ಆಪ್ತಸಮಾಲೋಚಕರು ಆ ಒಂದು ಗಂಟೆ ಏನು ಮಾಡುತ್ತಾರೆ?

ಆಪ್ತಸಮಾಲೋಚಕರ ಬಳಿ ಮೊದಲ ಸಲ ಹೋಗಿಬಂದವರ ದೂರು ಸಾಮಾನ್ಯವಾಗಿ ಒಂದೇ. ‘ಅವರೇನೂ ಹೇಳಲೇ ಇಲ್ಲ ಕಣ್ರೀ, ಬರೀ ಕೇಳಿಸಿಕೊಂಡು ಕೂತಿದ್ದರು. ಅದಕ್ಕೆ ಫೀಸು ಬೇರೆ!’ ಏನೂ ಹೇಳಲಿಲ್ಲ ಅನ್ನುವುದು ನಿಜವಿರಬಹುದು. ಬರೀ ಕೇಳಿಸಿಕೊಂಡರು ಅನ್ನುವುದು ಮಾತ್ರ ನಿಜವಲ್ಲ. ಆ ಮುಕ್ಕಾಲು ಗಂಟೆ, ಒಂದು ಗಂಟೆಯಲ್ಲಿ ನಡೆಯುವ ಕೆಲಸ ಕಣ್ಣಿಗೆ ಕಾಣುವಂಥದ್ದೇ. ಎಲ್ಲಿ ನೋಡಬೇಕೆಂದು ಗೊತ್ತಿರಬೇಕು ಅಷ್ಟೆ.

ಅಹಮದಾಬಾದಿನ ವಸ್ತ್ರಾಪುರದಂಥ ಬಡಾವಣೆಯಲ್ಲಿ ಇದು ತಿಳಿದಿರುವುದು ಒಳ್ಳೆಯದು. ಐಐಎಂ ಇರುವುದು ಇಲ್ಲೇ. ಗುಜರಾತ್ ವಿಶ್ವವಿದ್ಯಾಲಯ, ಇಸ್ರೊದ ಕೇಂದ್ರ ದೂರವೇನಲ್ಲ. ಓದಿಗೆ, ಕೆಲಸಕ್ಕೆ ಊರು ಬಿಟ್ಟು ಬಂದವರು ಪಿ.ಜಿ.ಗಳಲ್ಲಿ, ಬಾಡಿಗೆ ಫ್ಲ್ಯಾಟುಗಳಲ್ಲಿ ತುಂಬಿದ್ದಾರೆ. ಅವರಲ್ಲಿ ಕನ್ನಡದವರೂ ಇದ್ದಾರೆ. ಊರಿನಲ್ಲಾದರೆ ಮನಸ್ಸು ಕೆಟ್ಟಾಗ ಸೋದರಮಾವನೋ ಪಕ್ಕದ ಮನೆ ಅಕ್ಕನೋ ಸಿಗುತ್ತಾರೆ. ಇಲ್ಲಿ ಸಿಗುವುದು ರೂಮ್‌ಮೇಟ್, ಅವನಿಗೆ ಅವನದೇ ಪರೀಕ್ಷೆ.

ಈ ಊರಿಗೆ ಮನಸ್ಸಿನ ಮಾತು ಹೊಸದಲ್ಲ. ಸಾಬರಮತಿ ದಂಡೆಯ ಆಶ್ರಮ ರಸ್ತೆಯಲ್ಲಿರುವ ಬಿ.ಎಂ. ಮಾನಸಿಕ ಆರೋಗ್ಯ ಸಂಸ್ಥೆ 1951ರಷ್ಟು ಹಿಂದೆಯೇ, ಸಾರಾಭಾಯ್ ಮನೆತನದ ಆಸರೆಯಲ್ಲಿ ಶುರುವಾದದ್ದು. 1962ರಲ್ಲಿ ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್ ಮನುಷ್ಯನ ಬದುಕಿನ ಘಟ್ಟಗಳ ಬಗ್ಗೆ ವಿಚಾರಗೋಷ್ಠಿ ನಡೆಸಲು ಅಹಮದಾಬಾದಿಗೆ ಬಂದರು. ಪಾಠ ಹೇಳಲು ಬಂದವರು ಊರಿನ ಹಿರಿಯರ ಬಾಯಿಂದ ಗಾಂಧಿ ಮುನ್ನಡೆಸಿದ 1918ರ ಗಿರಣಿ ಮುಷ್ಕರದ ಕಥೆ ಕೇಳುತ್ತ ಕೂತರು. ಅದರಿಂದ ಹುಟ್ಟಿದ್ದು ಗಾಂಧಿಯ ಬಗ್ಗೆ 1969ರಲ್ಲಿ ಅವರು ಪ್ರಕಟಿಸಿದ, ಪುಲಿಟ್ಜರ್ ಬಹುಮಾನ ಪಡೆದ ಪುಸ್ತಕ.

ಈಗ ಕೆಲಸಕ್ಕೆ ಬರೋಣ. ಮೊದಲ ಭೇಟಿಯಲ್ಲಿ ಮೂರು ಸಂಗತಿ ನಡೆಯಬೇಕು. ಸಮಾಲೋಚಕರು ತಮ್ಮ ಓದು, ಅನುಭವ, ಫೀಸು, ಸಮಯ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ ಎನ್ನಬೇಕು, ಯಾವ ಸಂದರ್ಭದಲ್ಲಿ ಹೋಗಬಹುದು ಎಂಬುದನ್ನೂ ಆಗಲೇ ತಿಳಿಸಬೇಕು: ಜೀವಕ್ಕೆ ಅಪಾಯವಿದ್ದರೆ, ಇನ್ನೊಬ್ಬರಿಗೆ ಹಾನಿಯಾಗುವಂತಿದ್ದರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ. ಕೊನೆಯದನ್ನು ವರದಿ ಮಾಡಲೇಬೇಕೆಂದು 2012ರ ಪೋಕ್ಸೊ ಕಾಯ್ದೆಯೇ ಹೇಳುತ್ತದೆ. ಮೂರನೆಯದು ಗುರಿ.

ಗುರಿ ಎಂದಾಗಲೇ ಬಂದವರು ತಡವರಿಸುವುದು. ‘ಮೊದಲಿನ ಹಾಗೆ ಆಗಬೇಕು’, ‘ಟೆನ್ಷನ್ ಹೋಗಬೇಕು’ ಎನ್ನುತ್ತಾರೆ. ಇವು ಆಸೆಗಳು. ಇವನ್ನಿಟ್ಟುಕೊಂಡು ಕೆಲಸ ಮಾಡಲು ಬರುವುದಿಲ್ಲ. ಒಳ್ಳೆಯ ಸಮಾಲೋಚಕರು ಕೇಳುತ್ತಾರೆ: ‘ಟೆನ್ಷನ್ ಹೋಯಿತು ಅಂತಿಟ್ಟುಕೊಳ್ಳಿ. ಸೋಮವಾರ ಬೆಳಿಗ್ಗೆ ಎದ್ದಾಗ ನೀವು ಈಗ ಮಾಡದೆ ಇರುವ ಯಾವ ಕೆಲಸ ಮಾಡ್ತಿರ್ತೀರಿ?’ ಆಗ ಉತ್ತರ ನೆಲಕ್ಕಿಳಿಯುತ್ತದೆ. ವಾರಕ್ಕೆ ನಾಲ್ಕು ದಿನವಾದರೂ ಕ್ಲಾಸಿಗೆ ಹೋಗುತ್ತಿರುತ್ತೇನೆ, ರಾತ್ರಿ ಒಂದು ಗಂಟೆಯೊಳಗೆ ಮಲಗಿರುತ್ತೇನೆ, ಅತ್ತೆಯ ಮುಂದೆ ಅಳದೆ ಮಾತಾಡುತ್ತಿರುತ್ತೇನೆ. ಹೀಗಿದ್ದರೆ ಐದು ವಾರದ ಮೇಲೆ ಆಯಿತೋ ಇಲ್ಲವೋ ಅಂತ ಇಬ್ಬರಿಗೂ ಗೊತ್ತಾಗುತ್ತದೆ. ಗುರಿ ಬಂದವರದ್ದಾಗಿರಬೇಕು. ‘ಇವನಿಗೆ ಎಂಜಿನಿಯರಿಂಗ್ ಮಾಡೋಕೆ ಮನಸ್ಸು ಬರುವ ಹಾಗೆ ಮಾಡಿ’ ಎಂದು ಅಪ್ಪ ಹೊರಿಸುವ ಗುರಿಯನ್ನು ಸಮಾಲೋಚಕರು ನಯವಾಗಿ ಪಕ್ಕಕ್ಕಿಡುತ್ತಾರೆ, ಇಡದಿದ್ದರೆ ಅವರ ಬಗ್ಗೆಯೇ ಸಂಶಯಪಡಬೇಕು.

ಮಾತುಕತೆಯ ಕೌಶಲಗಳನ್ನು ಪಟ್ಟಿ ಮಾಡಿದರೆ ಅವು ತೀರಾ ಸಾದಾ ಕಾಣುತ್ತವೆ. ಅದಕ್ಕೇ ಒಂದು ಸಂಭಾಷಣೆ ಕಟ್ಟಿಕೊಳ್ಳೋಣ. ಇದು ಯಾರದೂ ನಿಜವಾದ ಕಥೆಯಲ್ಲ. ರಾಣೆಬೆನ್ನೂರು ಕಡೆಯ ಹುಡುಗ, ವಸ್ತ್ರಾಪುರದ ಪಿ.ಜಿ.ಯಲ್ಲಿದ್ದಾನೆ, ಒಂದು ಸಬ್ಜೆಕ್ಟ್ ಫೇಲಾಗಿದೆ. ಬೆಂಗಳೂರಿನ ಸಮಾಲೋಚಕಿಯೊಬ್ಬರ ಜೊತೆ ವಿಡಿಯೊ ಕಾಲ್.

‘ಅಪ್ಪಗ ಫೋನ್ ಹಚ್ಚಿ ಒಂದು ತಿಂಗಳಾತ್ರಿ ಮೇಡಂ. ಹಚ್ಚಾಕ ಆಗವಲ್ದು.’

ನಮ್ಮ ಮಾವಂದಿರಾದರೆ ಇಲ್ಲಿಗೇ ಕೈಹಾಕುತ್ತಿದ್ದರು: ‘ಅಪ್ಪ ಏನ್ ಹುಲಿ ಏನಲೇ? ಈಗ ಹಚ್ಚು, ನನ್ನ ಮುಂದ ಹಚ್ಚು.’ ಪ್ರೀತಿಯ ಮಾತೇ. ಆದರೆ ಹುಡುಗ ‘ಹೂಂ’ ಎಂದು ಬಾಯಿ ಮುಚ್ಚುತ್ತಾನೆ.

‘ಫೋನ್ ಕೈಗೆ ತಗೊಳ್ತೀರಿ. ಆಮೇಲೆ ಏನಾಗುತ್ತೆ?’

‘ಏನಾಕ್ಕೈತ್ರಿ… ಓದು ಹೆಂಗ್ ನಡದೈತಿ ಅಂತ ಕೇಳ್ತಾರ. ಸುಳ್ಳ ಹೇಳಬೇಕಾಕ್ಕೈತಿ.’

‘ಸುಳ್ಳು ಹೇಳೋಕೆ ಮನಸ್ಸು ಒಪ್ಪಲ್ಲ. ನಿಜ ಹೇಳೋಕೆ ಭಯ. ಹಾಗಾಗಿ ಫೋನೇ ಮಾಡ್ತಿಲ್ಲ.’

ಹುಡುಗ ಸುಮ್ಮನಾಗುತ್ತಾನೆ. ಸಮಾಲೋಚಕಿಯೂ ಸುಮ್ಮನಿರುತ್ತಾರೆ. ಹತ್ತು ಸೆಕೆಂಡು, ಹದಿನೈದು ಸೆಕೆಂಡು.

‘ಎರಡ್ ಎಕರೆ ಹೊಲ ಮಾರಿ ಕಳಸ್ಯಾರ್ರಿ.’

‘ಹೊಲ ಮಾರಿ…’

‘ಹೌದ್ರಿ. ಫೇಲಾಗಿದ್ದು ಒಂದ ಸಬ್ಜೆಕ್ಟ್. ಆದ್ರ ನನಗ ಹೊಲಾನ ಕಳದಂಗ ಅನಸ್ತೈತ್ರಿ.’

ಆಕೆ ಆಡಿದ್ದು ಮೂರೇ ಮಾತು. ಮೊದಲನೆಯದು, ಹೌದು-ಅಲ್ಲ ಎಂದು ಮುಗಿಸಲಾಗದ ಪ್ರಶ್ನೆ. ‘ಭಯ ಆಗುತ್ತಾ?’ ಎಂದಿದ್ದರೆ ‘ಹೌದ್ರಿ’ ಅಷ್ಟೇ ಸಿಗುತ್ತಿತ್ತು. ‘ಯಾಕೆ ಮಾಡಲ್ಲ?’ ಎಂದೂ ಕೇಳಲಿಲ್ಲ, ಯಾಕೆ ಎಂದ ಕೂಡಲೇ ಎದುರಿನವರು ಆರೋಪಿಯ ಸ್ಥಾನದಲ್ಲಿ ನಿಂತು ಸಮಜಾಯಿಷಿ ಕೊಡತೊಡಗುತ್ತಾರೆ. ಎರಡನೆಯದು, ಅವನು ಹೇಳಿದ್ದನ್ನೂ ಹೇಳದೆ ಉಳಿಸಿದ ಭಾವನೆಯನ್ನೂ ಸೇರಿಸಿ ಹಿಂತಿರುಗಿಸಿದ್ದು. ಭಯ ಎಂಬ ಮಾತು ಅವನ ಬಾಯಲ್ಲಿ ಬಂದಿರಲಿಲ್ಲ. ತಪ್ಪಿದ್ದರೆ ಅವನೇ ತಿದ್ದುತ್ತಾನೆ, ಆ ಅವಕಾಶ ತೆರೆದಿರುತ್ತದೆ. ಮೂರನೆಯದು, ಅವನದೇ ಎರಡು ಪದ ಎತ್ತಿಕೊಂಡು ಅಲ್ಲಿಗೇ ನಿಂತದ್ದು. ಇವೆಲ್ಲಕ್ಕಿಂತ ಕಷ್ಟದ್ದು ನಡುವಿನ ಮೌನ. ತರಬೇತಿಗೆ ಬಂದವರು ಮೊದಮೊದಲು ಆ ಹದಿನೈದು ಸೆಕೆಂಡು ತಾಳಲಾರದೆ ಏನಾದರೂ ಮಾತಾಡಿಬಿಡುತ್ತಾರೆ, ಹೊಲದ ವಿಷಯ ಹೊರಗೆ ಬರುವುದೇ ಇಲ್ಲ.

ಗಂಟೆಯ ಕೊನೆಗೆ ಆಕೆ ಎಲ್ಲವನ್ನೂ ನಾಲ್ಕು ವಾಕ್ಯದಲ್ಲಿ ಒಟ್ಟುಮಾಡಿ, ‘ನಾನು ಸರಿಯಾಗಿ ತಿಳಕೊಂಡಿದ್ದೀನಾ?’ ಎಂದು ಕೇಳುತ್ತಾರೆ. ಈ ಪ್ರಶ್ನೆ ಕೇಳದ ಸಮಾಲೋಚಕರು ನನಗೆ ಹಿಡಿಸುವುದಿಲ್ಲ.

ಕೂರುವ ರೀತಿಗೂ ಪಾಠವಿದೆ. ಎದುರುಬದುರು ಕೂರಬೇಕು, ಕೈಕಟ್ಟಬಾರದು, ಕೊಂಚ ಮುಂದೆ ಬಾಗಬೇಕು, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಸಡಿಲವಾಗಿರಬೇಕು ಎಂದು ಅಮೆರಿಕದ ಜೆರಾರ್ಡ್ ಈಗನ್ ಹೇಳಿಕೊಟ್ಟದ್ದನ್ನು ನಮ್ಮ ಕೋರ್ಸುಗಳೂ ಒಪ್ಪಿಸುತ್ತವೆ. ಆದರೆ ಹಿರಿಯರ ಮುಖ ದಿಟ್ಟಿಸಬಾರದು ಎಂದು ಬೆಳೆದ ಹುಡುಗಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಅವಳು ನೆಲ ನೋಡುತ್ತಾಳೆ. ಅದನ್ನು ‘ಸಹಕರಿಸುತ್ತಿಲ್ಲ’ ಎಂದು ಫೈಲಿನಲ್ಲಿ ಬರೆಯುವವರೂ ಇದ್ದಾರೆ!

ಭಾಷೆಯದ್ದೂ ಇಂಥದೇ ಪ್ರಶ್ನೆ. ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಸಮಸ್ಯೆ ವಿವರಿಸಬಹುದು. ‘ಹೊಲಾನ ಕಳದಂಗ’ ಎನ್ನುವುದು ಆ ಭಾಷೆಗಳಲ್ಲಿ ಬಾಯಿಗೆ ಬರುವುದಿಲ್ಲ. ಹಾಗಾಗಿ ವಿಡಿಯೊ ಭೇಟಿ ಪರಊರಿನ ಕನ್ನಡಿಗರಿಗೆ ದೊಡ್ಡ ಅನುಕೂಲ, ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಮತ್ತು ಇಯರ್‌ಫೋನ್ ಇದ್ದರೆ. ಕೋಣೆ ಸಿಗದವರು ವಸ್ತ್ರಾಪುರ ಕೆರೆಯ ಬೆಂಚಿನಲ್ಲಿ ಕೂತೂ ಮಾತಾಡಬಹುದು. ವಾಕಿಂಗ್ ಬರುವ ಗುಜರಾತಿಗಳಿಗೆ ಕನ್ನಡ ತಿಳಿಯದೆ ಇರುವುದೇ ಅಲ್ಲಿ ಬಾಗಿಲು.

ಈ ಕೌಶಲಗಳನ್ನು ಹೀಗೆ ಬಿಡಿಸಿ ನೋಡಲು ಸಾಧ್ಯವಾದದ್ದು ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಅವರಿಂದ. ಕೋಣೆಯೊಳಗಿನ ಮಾತು ಗುಟ್ಟಾಗಿಯೇ ಉಳಿಯುತ್ತಿದ್ದ ಕಾಲದಲ್ಲಿ ಅವರು ಅದನ್ನು ಧ್ವನಿಮುದ್ರಿಸಿ, 1942ರ ತಮ್ಮ ಪುಸ್ತಕದಲ್ಲಿ ಒಬ್ಬ ವ್ಯಕ್ತಿಯ ಎಲ್ಲ ಭೇಟಿಗಳ ಮಾತನ್ನೂ ಅಕ್ಷರಶಃ ಅಚ್ಚುಹಾಕಿಸಿದರು. ಹಾಗೆ ಅಚ್ಚಾದ ಮೇಲೆ ಯಾವ ಮಾತಿಗೆ ಎದುರಿನವರು ಅರಳಿದರು, ಯಾವುದಕ್ಕೆ ಮುದುಡಿದರು ಎಂದು ಯಾರು ಬೇಕಾದರೂ ತಾಳೆ ನೋಡಬಹುದಾಯಿತು. ಸಮಾಲೋಚನೆ ಫಲಿಸಲು ಏನು ಬೇಕೆಂದು 1957ರಲ್ಲಿ ಅವರು ಮುಂದಿಟ್ಟ ಷರತ್ತುಗಳಲ್ಲಿ ಮುಖ್ಯವಾದವು ಮೂರು: ಎದುರಿನವರ ಜಾಗದಲ್ಲಿ ನಿಂತು ನೋಡುವುದು, ಷರತ್ತಿಲ್ಲದೆ ಗೌರವಿಸುವುದು, ತಾನು ಒಳಗೊಂದು ಹೊರಗೊಂದು ಆಗದಿರುವುದು.

ಸಮಾಲೋಚನೆಯಲ್ಲಿ ಪಂಥಗಳು ಹಲವು. ನಮ್ಮ ಹುಡುಗನನ್ನೇ ನಾಲ್ವರ ಮುಂದೆ ಕೂರಿಸಿದರೆ ವ್ಯತ್ಯಾಸ ತಿಳಿಯುತ್ತದೆ. ರೋಜರ್ಸ್ ದಾರಿಯವರು ಆ ಅವಮಾನದ ಜೊತೆಗೇ ಇದ್ದು, ಅವನೇ ತನ್ನ ಮುಂದಿನ ಹೆಜ್ಜೆ ಕಂಡುಕೊಳ್ಳಲಿ ಎಂದು ಕಾಯುತ್ತಾರೆ. ಮನೋವಿಶ್ಲೇಷಣೆಯ ಜಾಡಿನವರು ಅಪ್ಪನ ಋಣ, ಅಪ್ಪನ ಸಿಟ್ಟು ಇವು ಬಾಲ್ಯದಿಂದ ಹೇಗೆ ಹೆಣೆದುಕೊಂಡು ಬಂದಿವೆ ಎಂದು ಬಿಡಿಸುತ್ತಾರೆ, ಇದಕ್ಕೆ ಸಮಯ ಬೇಕು, ದುಡ್ಡೂ ಬೇಕು. ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ದಾರಿಯವರು ‘ಒಂದು ಸಬ್ಜೆಕ್ಟ್ ಹೋಯಿತೆಂದರೆ ಹೊಲವೇ ಹೋಯಿತು’ ಎಂಬ ಯೋಚನೆಯನ್ನು ಹಾಳೆಯ ಮೇಲೆ ಬರೆಸಿ, ಅದಕ್ಕೆ ಪುರಾವೆ ಏನು, ವಿರುದ್ಧದ ಪುರಾವೆ ಏನು ಎಂದು ಕೇಳಿ, ವಾರಕ್ಕೊಂದು ಮನೆಪಾಠ ಕೊಡುತ್ತಾರೆ. ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ದಂಪತಿ ಅಮೆರಿಕದ ಮಿಲ್ವಾಕಿಯಲ್ಲಿ ಬೆಳೆಸಿದ ಪದ್ಧತಿಯವರು ಸಮಸ್ಯೆಯನ್ನು ಕೆದಕದೆ, ‘ಅಪ್ಪನ ಜೊತೆ ಸುಳ್ಳಿಲ್ಲದೆ ಮಾತಾಡಿದ್ದು ಕಡೇ ಸಲ ಯಾವಾಗ? ಅವತ್ತು ಏನು ಬೇರೆ ಇತ್ತು?’ ಎಂದು ಕೇಳುತ್ತಾರೆ.

ಯಾವುದು ಮೇಲು? ಯಾವ ಪಂಥವಾದರೂ ಫಲ ಹೆಚ್ಚುಕಡಿಮೆ ಒಂದೇ, ಎಲ್ಲಕ್ಕೂ ಸಾಮಾನ್ಯವಾದ ಅಂಶಗಳೇ ಕೆಲಸ ಮಾಡುತ್ತಿರಬಹುದು ಎಂದು ಮನೋವಿಜ್ಞಾನಿ ಸಾಲ್ ರೋಸೆನ್‌ಜ್ವೈಗ್ 1936ರಲ್ಲೇ ಬರೆದರು. ಆ ಜಗಳ ಇನ್ನೂ ಮುಗಿದಿಲ್ಲ. ಗೀಳು, ವಿಪರೀತ ಭಯದಂಥ ಕೆಲವು ತೊಂದರೆಗಳಿಗೆ ನಿರ್ದಿಷ್ಟ ವಿಧಾನಗಳೇ ಬೇಕು. ಅಂಥವನ್ನು ಬಿಟ್ಟರೆ, ಬೋರ್ಡಿನ ಮೇಲಿನ ಪಂಥದ ಹೆಸರಿಗಿಂತ ಇಬ್ಬರ ನಡುವೆ ಕೂಡಿಬರುವ ನಂಬಿಕೆಗೆ ನಾನು ಹೆಚ್ಚು ತೂಕ ಕೊಡುತ್ತೇನೆ.

ಹೀಗೆನ್ನಲು ಕಾರಣ ಅಹಮದಾಬಾದಿನ ಉತ್ತರಕ್ಕಿರುವ ಮೆಹಸಾಣಾ ಜಿಲ್ಲೆಯಲ್ಲೇ ಇದೆ. ಅಲ್ಲಿನ ಹಳ್ಳಿಗಳಲ್ಲಿ ‘ಆತ್ಮೀಯತಾ’ ಎಂಬ ಯೋಜನೆಯಡಿ ಊರಿನವರೇ ತರಬೇತಿ ಪಡೆದು ಆಪ್ತಸಮಾಲೋಚನೆ ಮಾಡುತ್ತಾರೆ. ‘ಮಿತ್ರ’ರು ಸಂಕಟದಲ್ಲಿರುವವರನ್ನು ಗುರುತಿಸಿದರೆ, ‘ಚಾಂಪಿಯನ್’ಗಳು ನಾಲ್ಕರಿಂದ ಆರು ಭೇಟಿಗಳಲ್ಲಿ ಅವರ ಜೊತೆ ಕೂತು ಕೆಲಸ ಮಾಡುತ್ತಾರೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವಿಜ್ಞಾನದ ಪದವಿಯಿಲ್ಲದ, ತರಬೇತಿ ಪಡೆದವರು ತೀವ್ರ ಖಿನ್ನತೆಯವರನ್ನು ಆರೆಂಟು ಭೇಟಿಗಳಲ್ಲಿ ನೋಡಿಕೊಂಡ ಅಧ್ಯಯನ 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು: ಮೂರು ತಿಂಗಳಲ್ಲಿ ಅವರಲ್ಲಿ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು, ಮಾಮೂಲಿ ಆರೈಕೆಯಷ್ಟೇ ಸಿಕ್ಕವರಲ್ಲಿ 39 ಮಂದಿ. ಕನ್ನಡದಲ್ಲಿ ಈ ಕೆಲಸವನ್ನು ದಶಕಗಳಿಂದ ಮಾಡುತ್ತಿರುವವರು ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್. ಬೆಂಗಳೂರಿನಲ್ಲಿ ‘ಸಮಾಧಾನ’ ಕೇಂದ್ರ ಕಟ್ಟಿ, ಗೃಹಿಣಿಯರು, ಮೇಷ್ಟ್ರುಗಳಂಥವರನ್ನು ಸಮಾಲೋಚಕರನ್ನಾಗಿ ತಯಾರುಮಾಡಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಕೇಳಿಸಿಕೊಳ್ಳುವುದರಿಂದ ಎಲ್ಲವೂ ಆಗುವುದಿಲ್ಲ. ಸೂರತ್‌ನಲ್ಲಿ ವಜ್ರದ ಕೆಲಸ ಕುಸಿದು ಕಾರ್ಮಿಕರ ಆತ್ಮಹತ್ಯೆಗಳಾದಾಗ ಅವರ ಸಂಘವೇ 2024ರಲ್ಲಿ ಸಹಾಯವಾಣಿ ತೆರೆಯಿತು. ಕರೆ ಮಾಡಿದವರು ಕೇಳಿದ್ದು ಕೆಲಸ, ಮಕ್ಕಳ ಸ್ಕೂಲ್ ಫೀಸು. ಅಂಥ ಕಡೆ ಸಮಾಲೋಚಕರಿಗೆ ಭಾವನೆ ಎಷ್ಟು ಗೊತ್ತೋ ಅರ್ಜಿ ನಮೂನೆಗಳೂ ಅಷ್ಟೇ ಗೊತ್ತಿರಬೇಕು. ಗುಜರಾತಿನ 181 ‘ಅಭಯಂ’ ಮಹಿಳಾ ಸಹಾಯವಾಣಿಯ ವಾಹನದಲ್ಲಿ ಸಮಾಲೋಚಕಿಯ ಜೊತೆ ಮಹಿಳಾ ಪೊಲೀಸ್ ಕೂಡ ಹೋಗುವುದು ಇದೇ ತಿಳಿವಳಿಕೆಯಿಂದ. ಹೊಡೆಯುವ ಗಂಡನ ಮನೆಯಲ್ಲಿ ಬರೀ ಸಹಾನುಭೂತಿ ಸಾಲದು.

ಇಲ್ಲದ ಧ್ವನಿ ಕೇಳಿಸುತ್ತಿದ್ದರೆ, ದಿನಗಟ್ಟಲೆ ನಿದ್ದೆಯಿಲ್ಲದೆ ಅತಿಯಾದ ಹುರುಪಿದ್ದರೆ, ಊಟ ಬಿಟ್ಟು ಹಾಸಿಗೆ ಹಿಡಿದಿದ್ದರೆ ಮೊದಲು ಮನೋವೈದ್ಯರು. ಮಾತ್ರೆ ಬರೆಯುವ ಅಧಿಕಾರ ವೈದ್ಯರಿಗಷ್ಟೇ. ಚಿಕಿತ್ಸಾ ಮನೋವಿಜ್ಞಾನಿಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು, ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚವೇನೂ ಬೇಡ. ‘ಕೌನ್ಸೆಲರ್’ ಎಂಬ ಬೋರ್ಡನ್ನು ಮಾತ್ರ ನಾಲ್ಕು ದಿನದ ಆನ್‌ಲೈನ್ ಸರ್ಟಿಫಿಕೇಟ್ ಇಟ್ಟುಕೊಂಡವರೂ ಹಾಕಿಕೊಂಡುಬಿಡುತ್ತಾರೆ. ಎಲ್ಲಿ ಓದಿದಿರಿ, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಕಲಿತಿರಿ, ನಿಮ್ಮ ಕೈಮೀರಿದರೆ ಯಾರ ಬಳಿ ಕಳಿಸುತ್ತೀರಿ ಎಂದು ಕೇಳಿ. ಮೂರನೆಯ ಪ್ರಶ್ನೆಗೆ ‘ಹಾಗಾಗೋದೇ ಇಲ್ಲ’ ಎಂದವರನ್ನು ಬಿಟ್ಟುಬಿಡಿ.

ಮನೆಯವರು ಆಮೇಲೆ ಫೋನ್ ಮಾಡಿ ‘ನಮ್ಮ ಹುಡುಗ ಏನಂದ ಮೇಡಂ?’ ಎಂದು ವಿಚಾರಿಸುವುದು ನಮ್ಮಲ್ಲಿ ಮಾಮೂಲು. ವಯಸ್ಸಿಗೆ ಬಂದ ಮಗನಾದರೆ ಅವನ ಒಪ್ಪಿಗೆಯಿಲ್ಲದೆ ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಅಸ್ವಸ್ಥತೆಗೆ ಚಿಕಿತ್ಸೆ ಪಡೆಯುವವರಿಗೆ ಗೋಪ್ಯತೆಯನ್ನು ಹಕ್ಕಾಗಿಯೇ ಕೊಟ್ಟಿದೆ. ಸಾಯುವ ಯೋಚನೆ ಬಂದಿದ್ದರೆ, ಅಥವಾ ಎಲ್ಲಿಂದ ಶುರುಮಾಡಬೇಕು ಎಂದೇ ತೋಚದಿದ್ದರೆ, 14416ಕ್ಕೆ ಕರೆಮಾಡಬಹುದು. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ-ಮಾನಸ್’. ಹಗಲೂ ರಾತ್ರಿ ಇರುತ್ತದೆ, ಉಚಿತ, ಕನ್ನಡವೂ ಸೇರಿ 20 ಭಾಷೆಗಳಲ್ಲಿದೆ.

ಎಷ್ಟು ಭೇಟಿ ಬೇಕು ಎಂಬುದು ಗುರಿಯ ಮೇಲೆ ನಿಂತಿದೆ. ಪರೀಕ್ಷೆಯ ಭಯದಂಥದಕ್ಕೆ ಆರೆಂಟು ಸಾಕಾಗಬಹುದು. ಮೂರು ಭೇಟಿಯಾದರೂ ಇವರ ಜೊತೆ ಮಾತು ಕೂಡುತ್ತಿಲ್ಲ ಅನಿಸಿದರೆ ಅದನ್ನು ಅವರ ಮುಂದೆಯೇ ಹೇಳಿ, ಬೇರೆಯವರ ಹೆಸರು ಕೇಳಬಹುದು. ಮುಗಿಸುವುದನ್ನೂ ದಿಢೀರನೆ ಮಾಡುವುದಿಲ್ಲ. ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕೆ, ತಿಂಗಳಿಗೆ ಇಳಿಯುತ್ತದೆ. ಕೊನೆಯ ಭೇಟಿಯ ದಿನವನ್ನು ಮೊದಲೇ ಗೊತ್ತುಮಾಡಿ, ಮೊದಲ ದಿನ ಬರೆದ ಗುರಿಯ ಹಾಳೆಯನ್ನು ಇಬ್ಬರೂ ಮುಂದಿಟ್ಟುಕೊಂಡು ಯಾವುದಾಯಿತು, ಯಾವುದು ಉಳಿಯಿತು ಎಂದು ಗುರುತು ಹಾಕುತ್ತಾರೆ. ಎರಡು-ಮೂರು ತಿಂಗಳ ಮೇಲೆ ಒಮ್ಮೆ ವಿಚಾರಿಸುವ ಫೋನ್ ಇರುತ್ತದೆ, ಅದಕ್ಕೆ ಸಾಮಾನ್ಯವಾಗಿ ಫೀಸಿಲ್ಲ.